ನಮ್ಮ ಗದ್ದೆಯಲ್ಲಿ ಸೈನ್ ಥೀಟಾ ಎಲ್ಲಿದೆ ಸರ್?

ಪ್ರಶ್ನೆ: ಸರ್, ನಾನು ಮಂಡ್ಯ ತಾಲ್ಲೂಕಿನ ಹಳ್ಳಿಯವಳು, ದ್ವಿತೀಯ ಪಿಯುಸಿ ಓದುತ್ತಿದ್ದೇನೆ. ಕಾಲೇಜಿನಲ್ಲಿ 'ದಿನನಿತ್ಯದ ಬದುಕಿನಲ್ಲಿ ಗಣಿತ' ಅಂತ ಪ್ರಬಂಧ ಬರೆಸಿದರು. ಬೆಳಿಗ್ಗೆ ಐದಕ್ಕೆ ಅಲಾರಂ, ಡೈರಿಗೆ ಹಾಕುವ ಹಾಲು, ಬಸ್ ಚಾರ್ಜು, ಅಮ್ಮನ ರಂಗೋಲಿ ಚುಕ್ಕಿ, ಎಲ್ಲ ಬರೆದೆ. ಬಹುಮಾನವೂ ಬಂತು. ಆದರೆ ನನಗೇ ಸಮಾಧಾನ ಇಲ್ಲ. ನಾನು ಬರೆದದ್ದೆಲ್ಲ ಐದನೇ ಕ್ಲಾಸಿನ ಲೆಕ್ಕ. ಈಗ ಓದುತ್ತಿರುವ ಸೈನ್, ಲಾಗ್, ಡೆರಿವೇಟಿವ್ ನಮ್ಮ ಮನೆಯಲ್ಲಿ ಎಲ್ಲೂ ಕಾಣುವುದಿಲ್ಲ. ಅಪ್ಪ ಕಬ್ಬು, ಭತ್ತ ಬೆಳೆಯುತ್ತಾರೆ, ಏಳನೇ ಕ್ಲಾಸು ಓದಿದ್ದಾರೆ, ಅವರಿಗೆ ಇದ್ಯಾವುದೂ ಬೇಕಾಗಿಲ್ಲ. 'ಎಲ್ಲೆಲ್ಲೂ ಗಣಿತ' ಅನ್ನುವುದು ಸುಮ್ನೆ ಹೇಳುವ ಮಾತಾ? ನಿಜ ಹೇಳಿ.

ಉತ್ತರ: ಬಹುಮಾನ ಬಂದ ಮೇಲೂ ತಾನು ಬರೆದದ್ದರ ಮೇಲೆ ಅನುಮಾನ ಪಡುವವರು ಕಡಿಮೆ ಕಣಮ್ಮ, ಅದಕ್ಕೇ ನಿನ್ನ ಪ್ರಶ್ನೆ ಓದಿ ಖುಷಿಯಾಯಿತು. ಮೂವತ್ತು ವರ್ಷ ಪಿಯುಸಿ ಮಕ್ಕಳಿಗೆ ಗಣಿತ ಹೇಳಿ ಈಗ ಮೈಸೂರಿನಲ್ಲಿ ಮನೆಯಲ್ಲಿ ಕೂತಿರುವವನು ನಾನು. ಇಂಥ ಪ್ರಬಂಧ ಎಷ್ಟು ತಿದ್ದಿದ್ದೇನೋ ಲೆಕ್ಕವಿಲ್ಲ. ಎಲ್ಲದರಲ್ಲೂ ಅಲಾರಂ ಐದಕ್ಕೇ ಹೊಡೆಯುತ್ತದೆ. ಎಲ್ಲದರಲ್ಲೂ ಅಮ್ಮ ಸಾಸಿವೆಯನ್ನು ಅಳೆದು ಒಗ್ಗರಣೆ ಹಾಕುತ್ತಾಳೆ. ಯಾವ ಅಮ್ಮ ಸಾಸಿವೆ ಅಳೆಯುತ್ತಾಳೆ ಹೇಳು!

ನಿಜ ಹೇಳಿ ಅಂದೆಯಲ್ಲ, ಹೇಳುತ್ತೇನೆ. ದೇವರಾಜ ಮಾರ್ಕೆಟ್‌ನಲ್ಲಿ ಬದನೆಕಾಯಿ ತರುವಾಗ ನನಗೆ ಇವತ್ತಿನವರೆಗೂ ವರ್ಗ ಸಮೀಕರಣ ಬೇಕಾಗಿಲ್ಲ. ಮ್ಯಾಟ್ರಿಕ್ಸ್ ಅಂತೂ ಕ್ಲಾಸಿನ ಬಾಗಿಲು ದಾಟಿ ನನ್ನ ಹಿಂದೆ ಬಂದದ್ದೇ ಇಲ್ಲ. ನೀನು ಓದುವುದೆಲ್ಲ ನಾಳೆ ಅಡುಗೆ ಮನೆಯಲ್ಲಿ ಕೆಲಸಕ್ಕೆ ಬರುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡ. ಆದರೆ ಅಪ್ಪನ ವಿಷಯದಲ್ಲಿ ನೀನು ಹೇಳಿದ್ದನ್ನು ಮಾತ್ರ ನಾನು ಒಪ್ಪುವುದಿಲ್ಲ. ಹೆಸರು ಗೊತ್ತಿಲ್ಲದೆ ಇರುವುದು ಬೇರೆ, ಬೇಡವಾಗಿರುವುದು ಬೇರೆ.

ಮೊದಲು ರಂಗೋಲಿ. ಅದನ್ನು ಐದನೇ ಕ್ಲಾಸಿನದು ಅಂತ ಪಕ್ಕಕ್ಕೆ ಇಟ್ಟೆಯಲ್ಲ, ಸ್ವಲ್ಪ ನಿಲ್ಲು. ಅಮ್ಮ ಮಧ್ಯದಲ್ಲಿ 7 ಚುಕ್ಕಿ ಇಟ್ಟು ಎರಡೂ ಕಡೆ 5, 3, 1 ಅಂತ ಇಳಿಸುತ್ತಾರೆ ಅಂದುಕೋ. ಒಟ್ಟು 25. ಎಣಿಸಿ 25 ಅಂದರೆ ಅದು ಐದನೇ ಕ್ಲಾಸು, ಸರಿ. ಈಗ ಕತ್ತು ಓರೆ ಮಾಡಿ ನೋಡು. ಚುಕ್ಕಿಗಳು ಓರೆಯಾಗಿ ನಾಲ್ಕು ಸಾಲು ನಾಲ್ಕು ಚುಕ್ಕಿಯ ಒಂದು ಚೌಕ, ಅದರ ಸಂದಿನಲ್ಲಿ ಮೂರು ಸಾಲು ಮೂರು ಚುಕ್ಕಿಯ ಇನ್ನೊಂದು ಚೌಕ. 16 ಮತ್ತು 9. ಇದು 7ಕ್ಕೆ ಮಾತ್ರವಾ, 9ಕ್ಕೂ 11ಕ್ಕೂ ಹೀಗೇನಾ, ಯಾಕೆ ಹೀಗೆ ಅಂತ ಕೇಳಿದ ಕ್ಷಣದಿಂದ ನೀನು ಐದನೇ ಕ್ಲಾಸಿನಲ್ಲಿಲ್ಲ. ನಿನ್ನ ಪ್ರಬಂಧದಲ್ಲಿ ಚುಕ್ಕಿ ಇತ್ತು, ಈ 'ಯಾಕೆ' ಇರಲಿಲ್ಲ. ಅಷ್ಟೇ ಕೊರತೆ.

ಇನ್ನು ಡೆರಿವೇಟಿವ್. ಮಳೆಗಾಲದಲ್ಲಿ ಅಪ್ಪ ಪೇಪರ್ ತೆರೆದು ಮೊದಲು ನೋಡುವುದು ಏನು? ಕನ್ನಂಬಾಡಿ, ಅಂದರೆ ಕೆಆರ್‌ಎಸ್ ಡ್ಯಾಂ ಮಟ್ಟ, ಅಲ್ವಾ? ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು ಕ್ಯೂಸೆಕ್, ಹೊರಹರಿವು ಇಷ್ಟು. ಮಟ್ಟ ಅನ್ನುವುದು ಡ್ಯಾಂನಲ್ಲಿ ಈಗ ಎಷ್ಟು ನೀರಿದೆ ಎಂಬುದರ ಗುರುತು. ಕ್ಯೂಸೆಕ್ ಅನ್ನುವುದು ಆ ನೀರಿನ ಪ್ರಮಾಣ ಎಷ್ಟು ವೇಗವಾಗಿ ಬದಲಾಗುತ್ತಿದೆ ಎಂಬ ಲೆಕ್ಕ, ಸೆಕೆಂಡಿಗೆ ಇಷ್ಟು ಘನ ಅಡಿ ಅಂತ. ಒಂದು ಕಾಲದ ಜೊತೆ ಬದಲಾಗುವ ಸಂಖ್ಯೆ, ಇನ್ನೊಂದು ಅದರ ಬದಲಾವಣೆಯ ದರ. ನಿನ್ನ ಪುಸ್ತಕದಲ್ಲಿ ಡಿವಿ ಬೈ ಡಿಟಿ ಅಂತ ಬರೆದಿರುವುದು ಇದನ್ನೇ. ಅಪ್ಪ ಎರಡನ್ನೂ ಒಟ್ಟಿಗೆ ಓದಿ 'ಇನ್ನು ಹತ್ತು ದಿನದಲ್ಲಿ ತುಂಬ್ತದೆ, ನಾಟಿಗೆ ಒಟ್ಲು ಹಾಕಬಹುದು' ಅನ್ನುತ್ತಾರಲ್ಲ, ದರವನ್ನು ದಿನದಿನಕ್ಕೆ ಕೂಡಿಸುತ್ತಾ ಹೋಗುವ ಅದೇ ಇಂಟಿಗ್ರೇಷನ್.

ಬಾಯಿಲೆಕ್ಕ ಮಾಡಿ ನೋಡು. ದಿನಕ್ಕೆ 86,400 ಸೆಕೆಂಡು. ಒಂದು ಟಿಎಂಸಿ ಅಂದರೆ 100 ಕೋಟಿ ಘನ ಅಡಿ. ಭಾಗಿಸಿದರೆ 11,574. ಅಂದರೆ 11,574 ಕ್ಯೂಸೆಕ್ ನೀರು ಒಂದು ದಿನ ಪೂರ್ತಿ ಹರಿದರೆ ಒಂದು ಟಿಎಂಸಿ. ಈ ಒಂದು ಸಂಖ್ಯೆ ತಲೆಯಲ್ಲಿದ್ದರೆ ಪೇಪರ್‌ನ ಅಂಕಿಗಳು ಮಾತಾಡಲು ಶುರು ಮಾಡುತ್ತವೆ. ಒಳಗೆ 30,000 ಬಂದು ಹೊರಗೆ 5,000 ಹೋಗುತ್ತಿದ್ದರೆ ಉಳಿಯುವುದು 25,000, ಅಂದರೆ ದಿನಕ್ಕೆ ಸುಮಾರು 2.16 ಟಿಎಂಸಿ.

ಇಲ್ಲಿಂದ ಮುಂದಿನದು ನನಗೆ ತುಂಬಾ ಇಷ್ಟವಾದ ಭಾಗ, ಸ್ವಲ್ಪ ಉದ್ದ ಹೇಳುತ್ತೇನೆ. ಒಂದು ಸಲ ಶ್ರೀರಂಗಪಟ್ಟಣದ ಹತ್ತಿರ ಟೀ ಅಂಗಡಿಯಲ್ಲಿ ಕೂತಿದ್ದೆ. ಡ್ಯಾಂ ತುಂಬುವ ದಿನಗಳು. ಒಬ್ಬರು ಪೇಪರ್ ಮಡಚುತ್ತಾ, 'ಹೋದ ತಿಂಗಳು ದಿನಕ್ಕೆ ಮೂರಡಿ ಏರ್ತಿತ್ತು, ಈಗ ಅಷ್ಟೇ ನೀರು ಬತ್ತಾದೆ ಅಂತಾರೆ, ಒಂದೂವರೆ ಅಡೀನೂ ಏರ್ತಿಲ್ಲ, ಎಲ್ಲೋ ಬುಡ್ತಾವ್ರೆ ಬುಡಿ' ಅಂದರು. ಸುತ್ತ ಇದ್ದವರೆಲ್ಲ ಹೌದು ಹೌದು ಅಂದರು. ಅನುಮಾನ ಪಟ್ಟದ್ದು ತಪ್ಪಲ್ಲ, ಅನುಮಾನದಿಂದಲೇ ಒಳ್ಳೆಯ ಲೆಕ್ಕ ಶುರುವಾಗುವುದು. ಆದರೆ ಅವರು ಡ್ಯಾಂ ಅನ್ನು ಮನೆಯ ಸಿಮೆಂಟ್ ತೊಟ್ಟಿ ಅಂದುಕೊಂಡಿದ್ದರು. ತೊಟ್ಟಿಯಲ್ಲಿ ಕೆಳಗಿನ ಅಡಿಯೂ ಮೇಲಿನ ಅಡಿಯೂ ಒಂದೇ. ನದಿ ಕಣಿವೆ ಹಾಗಲ್ಲ, ಅದು ಹೆಚ್ಚುಕಡಿಮೆ ಆಲಿಕೆಯ ಹಾಗೆ, ತಳದಲ್ಲಿ ಕಿರಿದು, ಮೇಲೆ ಹೋದಂತೆ ಅಗಲ.

ಕೆಆರ್‌ಎಸ್ ಪೂರ್ತಿ ತುಂಬಿದರೆ 49.45 ಟಿಎಂಸಿ. ಅದನ್ನು 124.80ರಿಂದ ಭಾಗಿಸು: ಸರಾಸರಿ ಒಂದು ಅಡಿಗೆ 0.4 ಟಿಎಂಸಿ. ಈಗ ತುದಿಯ ಒಂದು ಅಡಿ ಮಾತ್ರ ತೆಗೆದುಕೋ. ತುಂಬಿದಾಗ ಹಿನ್ನೀರು ಹರಡುವುದು ಸುಮಾರು 130 ಚದರ ಕಿಲೋಮೀಟರ್, ಅಂದರೆ ಹತ್ತಿರ ಹತ್ತಿರ 140 ಕೋಟಿ ಚದರ ಅಡಿ. ಅದರ ಮೇಲೆ ಒಂದು ಅಡಿ ನೀರು ನಿಲ್ಲಿಸಬೇಕಾದರೆ 140 ಕೋಟಿ ಘನ ಅಡಿ, ಅಂದರೆ 1.4 ಟಿಎಂಸಿ ಬೇಕು. ಸರಾಸರಿಯ ಮೂರೂವರೆ ಪಟ್ಟು!

ಈ 'ಮೂರು' ಎಲ್ಲಿಂದ ಬಂತು ಗೊತ್ತಾ? ಸರಿಯಾದ ಆಲಿಕೆಯಲ್ಲಿ ನೀರಿನ ಪ್ರಮಾಣ ಎತ್ತರದ ಘನಕ್ಕೆ ತಕ್ಕಂತೆ ಬೆಳೆಯುತ್ತದೆ, ಎಕ್ಸ್ ಕ್ಯೂಬ್. ಅದರ ಡೆರಿವೇಟಿವ್ ಏನು? ತ್ರೀ ಎಕ್ಸ್ ಸ್ಕ್ವೇರ್. ಪರೀಕ್ಷೆಯಲ್ಲಿ ನೀನು ಕಣ್ಣು ಮುಚ್ಚಿ ಕೆಳಗಿಳಿಸುವ ಆ ಮೂರೇ ಇದು. ಆಲಿಕೆಯಾಗಿದ್ದರೆ ತುದಿಯ ಅಡಿ ಸರಾಸರಿಯ ಮೂರು ಪಟ್ಟು ಇರಬೇಕಿತ್ತು. ನಮ್ಮ ಕಣಿವೆ ಜ್ಯಾಮಿತಿ ಪುಸ್ತಕ ಓದಿ ಹುಟ್ಟಿದ್ದಲ್ಲವಲ್ಲ, ಹಾಗಾಗಿ ಮೂರೂವರೆ ಆಯಿತು. ತುದಿಯ 1.4ನ್ನು ಆಲಿಕೆಯ ಹಾಗೆ ಎತ್ತರದ ವರ್ಗಕ್ಕೆ ತಕ್ಕಂತೆ ಇಳಿಸಿದರೆ, ಮಟ್ಟ 90 ಅಡಿ ಇದ್ದಾಗ ಒಂದು ಅಡಿಗೆ 0.73 ಟಿಎಂಸಿ ಸಾಕು. ಆಗ 2.16 ಟಿಎಂಸಿ ಬಂದರೆ ಮೂರು ಅಡಿ ಏರುತ್ತದೆ. ಅಷ್ಟೇ ನೀರು ತುದಿಯಲ್ಲಿ ಬಂದರೆ ಒಂದೂವರೆ ಅಡಿ. ಟೀ ಅಂಗಡಿಯವರ ಅಂಕಿ ಎರಡೂ ಸರಿ, ಕಳ್ಳ ಮಾತ್ರ ಇರಲಿಲ್ಲ. ನಾನು ಇದನ್ನು ಅಲ್ಲಿ ಹೇಳಲು ಹೋಗಿ, ಅರ್ಧಕ್ಕೇ ಬಸ್ ಬಂದು, ಅವರೆಲ್ಲ ಎದ್ದು ಹೋದರು. ಅದು ಬೇರೆ ವಿಷಯ.

ಬಡ್ಡಿ ವಿಷಯಕ್ಕೆ ಬಂದರೆ, ಇಲ್ಲಿ ನನ್ನದೇ ಮಾನ ಹೋಗುವ ಕಥೆ ಇದೆ. ಹಿಂದೆ ಗಾಡಿ ತೆಗೆದುಕೊಳ್ಳಲು ಒಂದು ಕಡೆ ಒಂದು ಲಕ್ಷ ಸಾಲ ಮಾಡಿದೆ. ಬಡ್ಡಿ ನೂರಕ್ಕೆ ಹತ್ತು, ಫ್ಲ್ಯಾಟ್ ಅಂದರು, ಮೂರು ವರ್ಷ. ಬಡ್ಡಿ 30,000, ಒಟ್ಟು 1,30,000, ಮೂವತ್ತಾರು ಕಂತು, ತಿಂಗಳಿಗೆ 3,611. ಲೆಕ್ಕ ಸರಿಯಾಗಿದೆ ಅಂತ ಗಣಿತದ ಮೇಷ್ಟ್ರು ಠೀವಿಯಿಂದ ಸಹಿ ಹಾಕಿ ಬಂದೆ. ನಮ್ಮ ಮನೆಯವರು ಎಸ್ಸೆಸ್ಸೆಲ್ಸಿ ಓದಿದವರು. ಕಾಗದ ನೋಡಿ ಒಂದೇ ಮಾತು ಕೇಳಿದರು: 'ತಿಂಗಳು ತಿಂಗಳು ಅಸಲೂ ತೀರಿಸ್ತಾ ಇರ್ತೀವಲ್ಲಾರೀ, ಕೊನೇ ತಿಂಗಳೂ ಪೂರ್ತಿ ಲಕ್ಷಕ್ಕೆ ಯಾಕೆ ಬಡ್ಡಿ?'

ನನ್ನ ಹತ್ತಿರ ಉತ್ತರ ಇರಲಿಲ್ಲ. ಕೊನೆಯ ತಿಂಗಳು ಅಸಲು ಉಳಿದಿರುವುದು 2,778 ರೂಪಾಯಿ, ಬಡ್ಡಿ ಅಂತ ಕಟ್ಟುವುದು 833. ಉಳಿದ ಅಸಲಿಗೆ ಮಾತ್ರ ಬಡ್ಡಿ ಅಂತ ಲೆಕ್ಕ ಹಾಕಿದರೆ ಆ ಹತ್ತು, ನಿಜವಾಗಿ ಎಷ್ಟು? ಇದಕ್ಕೆ ನೇರ ಸೂತ್ರ ಇಲ್ಲ. ಒಂದು ದರ ಊಹಿಸಿ ಕಂತು ಲೆಕ್ಕ ಹಾಕಬೇಕು, ಹೆಚ್ಚಾದರೆ ಇಳಿಸಬೇಕು, ಕಡಿಮೆಯಾದರೆ ಏರಿಸಬೇಕು. 18 ಇಟ್ಟರೆ ಕಂತು 3,615 ಬರುತ್ತದೆ. ನನ್ನದು 3,611. ಅಂದರೆ ನಾನು ಹತ್ತು ಅಂದುಕೊಂಡದ್ದು ಹೆಚ್ಚುಕಡಿಮೆ ಹದಿನೆಂಟು. ಸಾಲ ಕೊಟ್ಟವರೇನೂ ಸುಳ್ಳು ಹೇಳಿರಲಿಲ್ಲ, ಫ್ಲ್ಯಾಟ್ ಅಂತ ಬರೆದೇ ಇತ್ತು. ಗುಣಾಕಾರ ಮಾಡಿದವನು ನಾನು, ಗಣಿತ ಮಾಡಿದ್ದು ನಮ್ಮ ಮನೆಯವರು. ಊರಲ್ಲಿ ಯಾರಾದರೂ ಟ್ರಾಕ್ಟರೋ ಬೈಕೋ ಸಾಲದಲ್ಲಿ ತರುತ್ತಿದ್ದರೆ ಈ ಪ್ರಶ್ನೆಯನ್ನು ಅವರ ಬಾಯಲ್ಲಿ ಕೇಳಿಸು. ಕೈಸಾಲದಲ್ಲಿ 'ನೂರಕ್ಕೆ ಮೂರು' ಅಂದರೆ ತಿಂಗಳಿಗೆ, ಅಂದರೆ ವರ್ಷಕ್ಕೆ 36 ಅನ್ನುವುದನ್ನೂ ಜೊತೆಗೆ ಹೇಳು.

ಲಾಗ್ ಎಲ್ಲಿದೆ ಅಂದೆ. ನಿಮ್ಮ ಮನೆ ಬೀರುವಿನಲ್ಲೇ ಇರಬಹುದು, ಅಪ್ಪ ಮಣ್ಣು ಪರೀಕ್ಷೆ ಮಾಡಿಸಿದ್ದರೆ ಆ ಚೀಟಿಯಲ್ಲಿ. ಪಿಎಚ್ ಅಂತ ಒಂದು ಅಂಕಿ ಇರುತ್ತದೆ, ಮಣ್ಣು ಎಷ್ಟು ಹುಳಿ, ಎಷ್ಟು ಕ್ಷಾರ ಅಂತ ಹೇಳುವುದು. ಪಕ್ಕದ ಹೊಲದ್ದು 7.5, ನಿಮ್ಮದು 8.5 ಅಂದರೆ 'ಒಂದೇ ತಾನೇ ಜಾಸ್ತಿ' ಅನ್ನಿಸುತ್ತದೆ. ಅದು ಲಾಗ್ ಅಳತೆ, ಒಂದು ಮೆಟ್ಟಿಲು ಅಂದರೆ ಹತ್ತು ಪಟ್ಟು, ಎರಡು ಅಂದರೆ ನೂರು ಪಟ್ಟು. ನಾಲೆ ನೀರು ನಿಂತು ನಿಂತು, ಬಸಿದು ಹೋಗಲು ದಾರಿ ಇಲ್ಲದೆ ಚೌಳಾದ ಗದ್ದೆಗಳನ್ನು ನಮ್ಮ ಕಡೆ ನೋಡಿರುತ್ತೀಯ. ಅಲ್ಲಿ ಪಿಎಚ್ ಒಂದು ಅಂಕಿ ಜಾಸ್ತಿ ಅಂದರೆ ಸಣ್ಣ ಮಾತಲ್ಲ.

ಸೈನ್‌ಗೆ ಬರೋಣ. ರಾತ್ರಿ ಹೊತ್ತು ತ್ರೀ ಫೇಸ್ ಕರೆಂಟ್ ಬಂತು ಅಂತ ಅಪ್ಪ ಎದ್ದು ಮೋಟರ್ ಹಾಕಲು ಹೋಗುತ್ತಾರಲ್ಲ, ಆ ಮೂರು ತಂತಿಯಲ್ಲಿ ಓಡುವುದು ಮೂರು ಸೈನ್ ಅಲೆಗಳು, ಒಂದಕ್ಕೊಂದು 120 ಡಿಗ್ರಿ ಹಿಂದೆ ಮುಂದೆ. ಮೂರನ್ನೂ ಕೂಡಿದರೆ ಯಾವ ಕ್ಷಣದಲ್ಲೂ ಸೊನ್ನೆ, ನೀನೇ ಸೂತ್ರ ಹಾಕಿ ನೋಡು. ಮನೆ ದೀಪಕ್ಕೆ 230 ವೋಲ್ಟ್, ಎರಡು ಫೇಸ್ ನಡುವೆ ಸುಮಾರು 400. ಯಾಕೆ 460 ಅಲ್ಲ? 230ನ್ನು ವರ್ಗಮೂಲ ಮೂರರಿಂದ, ಅಂದರೆ 1.732ರಿಂದ ಗುಣಿಸು.

ಆದರೆ ಇದಕ್ಕಿಂತ ಗಟ್ಟಿ ಉದಾಹರಣೆ ನಿಮ್ಮ ಬದುವಿನ ಮೇಲೇ ಇದೆ.

ಒಂದು ಗುಂಟೆ ಅಂದರೆ 33 ಅಡಿಗೆ 33 ಅಡಿ, 1,089 ಚದರ ಅಡಿ. ಅಂಥವು ನಲವತ್ತು ಸೇರಿದರೆ ಎಕರೆ. ಹಳ್ಳಿಯಲ್ಲಿ ಗದ್ದೆ ಎಷ್ಟು ಗುಂಟೆ ಅಂತ ಹೇಗೆ ಲೆಕ್ಕ ಹಾಕುತ್ತಾರೆ? ಎದುರು ಬದಿರು ಬದುಗಳ ಸರಾಸರಿ ತೆಗೆದು ಗುಣಿಸುತ್ತಾರೆ. ಬದುಗಳು ಸುತ್ತ ಸರದಿಯಲ್ಲಿ 200, 150, 180, 130 ಅಡಿ ಅಂದುಕೋ. ಸರಾಸರಿ 190 ಮತ್ತು 140, ಗುಣಿಸಿದರೆ 26,600 ಚದರ ಅಡಿ, ಇಪ್ಪತ್ತನಾಲ್ಕೂವರೆ ಗುಂಟೆ ಹತ್ತಿರ. ಗುತ್ತಿಗೆ ಮಾತಾಡುವುದು, ಅಣ್ಣತಮ್ಮಂದಿರು ಭಾಗ ಮಾಡಿಕೊಳ್ಳುವುದು ಎಷ್ಟೋ ಸಲ ಇದರ ಮೇಲೇ.

ಈಗ ನಾಲ್ಕು ಬಿದಿರು ಕಡ್ಡಿ ತಗೊಂಡು ಮೂಲೆಗೆ ದಾರ ಕಟ್ಟಿ ಚೌಕ ಮಾಡು. ಒಂದು ಮೂಲೆ ಹಿಡಿದು ಓರೆಗೆ ತಳ್ಳು. ಕಡ್ಡಿಯ ಉದ್ದ ಬದಲಾಗಲಿಲ್ಲ, ಒಳಗಿನ ಜಾಗ ಕುಗ್ಗಿತು. ಎಷ್ಟು ಕುಗ್ಗಿತು ಅಂತ ಹೇಳುವುದೇ ಸೈನ್. ಮೂಲೆ 90 ಡಿಗ್ರಿ ಇದ್ದಾಗ ಸೈನ್ 1, ಪೂರ್ತಿ ಜಾಗ. 60 ಡಿಗ್ರಿಗೆ ಬಂದರೆ 0.866, ನಲವತ್ತು ಗುಂಟೆ ಆಗಬೇಕಾದದ್ದು ಮೂವತ್ತನಾಲ್ಕೂವರೆ ಚಿಲ್ಲರೆ. ಸೈನ್ ಅಂದರೆ 'ಎದುರು ಬಾಹು ಭಾಗಿಸು ಕರ್ಣ' ಅಂತ ಉರು ಹೊಡೆದ ನಮ್ಮ ತಲೆಗೆ ಅದು ಓರೆಯ ದಂಡ ಅಂತ ಯಾರೂ ಹೇಳಲಿಲ್ಲ.

ಸರಾಸರಿ ಗುಣಿಸುವ ಲೆಕ್ಕ ಹೊಸದಲ್ಲ. ಗಣಿತಜ್ಞ ಬ್ರಹ್ಮಗುಪ್ತ 628ರಲ್ಲೇ ಇದನ್ನು ಸ್ಥೂಲ ಲೆಕ್ಕ ಅಂತ ಕರೆದು ಪಕ್ಕದಲ್ಲೇ ಸೂಕ್ಷ್ಮ ಲೆಕ್ಕ ಕೊಟ್ಟಿದ್ದಾನೆ, ಆ ಸೂಕ್ಷ್ಮವೂ ನಾಲ್ಕು ಮೂಲೆ ಒಂದೇ ವೃತ್ತದ ಮೇಲೆ ಕೂರುವ ಜಮೀನಿಗೆ ಮಾತ್ರ ಸರಿ. ನಮ್ಮ ನೃಪತುಂಗನ ಕಾಲದಲ್ಲಿ, 850ರ ಸುಮಾರಿಗೆ, ಮಹಾವೀರಾಚಾರ್ಯನೂ ಎರಡೂ ಬಗೆಯನ್ನು ಹೇಳಿದ್ದಾನೆ. 12ನೇ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲೇ ವ್ಯವಹಾರಕ್ಕೆ ಬೇಕಾದ ಗಣಿತ ಬರೆದ. ಹೊಲದ ಗಣಿತ ಈ ನೆಲಕ್ಕೆ ಹೊರಗಿನಿಂದ ಬಂದದ್ದಲ್ಲ. ಒಂದು ಮಾತು ನೆನಪಿಡು: ಸ್ಥೂಲ ಲೆಕ್ಕ ಯಾವತ್ತೂ ಜಾಸ್ತಿ ತೋರಿಸುತ್ತದೆ, ಗದ್ದೆ ಸರಿಯಾದ ಆಯತವಾಗಿದ್ದರೆ ಮಾತ್ರ ಸರಿ, ಕಡಿಮೆ ಅಂತೂ ಬರುವುದೇ ಇಲ್ಲ. ಮಾರುವವರಿಗೆ ಅದು ಯಾಕೆ ಇಷ್ಟ ಅಂತ ಗೊತ್ತಾಯಿತಲ್ಲ?

ಸರಿ ಮಾಡಲು ಒಂದು ಕರ್ಣ ಸಾಕು. ಮೇಲಿನ ಗದ್ದೆಯಲ್ಲಿ 200 ಮತ್ತು 150ರ ಬದುಗಳ ಆಚೀಚೆ ತುದಿಗಳ ನಡುವೆ ಓರೆಯಾಗಿ ಅಳೆದಾಗ 290 ಅಡಿ ಬಂತು ಅಂದುಕೋ. ಗದ್ದೆ ಎರಡು ತ್ರಿಕೋನ ಆಯಿತು. ಮೂರು ಬಾಹುಗಳ ಉದ್ದದಿಂದಲೇ ತ್ರಿಕೋನದ ವಿಸ್ತೀರ್ಣ ಕೊಡುವ, ಹತ್ತನೇ ಕ್ಲಾಸಿನೊಳಗೇ ನೀನು ಕಲಿತ ಹೆರಾನ್ ಸೂತ್ರ ಹಾಕು. ಒಂದು 13,994, ಇನ್ನೊಂದು 7,823, ಕೂಡಿದರೆ 21,817 ಚದರ ಅಡಿ. ಬರೀ ಇಪ್ಪತ್ತು ಗುಂಟೆ! ನಾಲ್ಕು ಗುಂಟೆಗೂ ಜಾಸ್ತಿ ನೆಲ ಗಾಳಿಯಲ್ಲಿತ್ತು.

ಆದರೆ ಗದ್ದೆಯಲ್ಲಿ ಆಳೆತ್ತರ ಕಬ್ಬು ನಿಂತಿದೆ. ನಡುವೆ ಟೇಪು ಎಳೆಯುವುದು ಹೇಗೆ? ನಡೆಯಲಾಗದ ಕಡೆ ಅಳೆಯಬೇಕಾದಾಗಲೇ ತ್ರಿಕೋನಮಿತಿ ಕೆಲಸಕ್ಕೆ ಬರುವುದು. 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಗೆ ಬಂದ ಇಂಗ್ಲಿಷರ ಸೈನ್ಯದಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬ ಅಧಿಕಾರಿ ಇದ್ದ. ರಾತ್ರಿ ದಂಡು ದಾರಿ ತಪ್ಪಿ ಟಿಪ್ಪುವಿನ ಪಾಳೆಯದ ಕಡೆಗೇ ನಡೆಯುತ್ತಿದೆ ಅಂತ ಅವನು ನಕ್ಷತ್ರ ನೋಡಿ ಹೇಳಿದನಂತೆ. ಯುದ್ಧ ಮುಗಿದ ಮೇಲೆ ಅವನೇ ತ್ರಿಕೋನಗಳಿಂದ ದೇಶ ಅಳೆಯುವ ಕೆಲಸ ಹಿಡಿದ. 1802ರಲ್ಲಿ ಮದ್ರಾಸಿನಲ್ಲಿ ಒಂದು ಗೆರೆಯನ್ನು ಸರಪಳಿ ಹಾಕಿ ಅಳೆದು, ಅಲ್ಲಿಂದ ಮುಂದೆ ಹೆಚ್ಚಾಗಿ ಕೋನಗಳಿಂದಲೇ ಹೋದರು. ಅದೇ ಸರ್ವೆಯವರು 1850ರ ದಶಕದಲ್ಲಿ ಎವರೆಸ್ಟ್ ಎತ್ತರವನ್ನು, ಹತ್ತದೆಯೇ, ಲೆಕ್ಕ ಹಾಕಿದರು. ನಿನಗೆ ಕಬ್ಬು ದಾಟುವುದು ಕಷ್ಟವಾ?

200 ಮತ್ತು 150 ಅಡಿಯ ಬದುಗಳು ಸೇರುವ ಮೂಲೆಗೆ ಹೋಗು. ಎರಡೂ ಬದುಗಳ ಮೇಲೆ ಮೂಲೆಯಿಂದ 10 ಅಡಿಗೆ ಒಂದೊಂದು ಗೂಟ ನೆಡು. ಆ ಎರಡು ಗೂಟದ ನಡುವಿನ ಅಂತರ ಅಳೆ, ಮೂಲೆಯ ನಾಲ್ಕು ಕಬ್ಬು ಬಗ್ಗಿಸಿದರೆ ಆಯಿತು. ಹದಿನಾರೂವರೆ ಅಡಿ ಬಂತು ಅನ್ನು. ತ್ರಿಕೋನದ ಮೂರು ಬಾಹುಗಳನ್ನೂ ಒಂದು ಕೋನವನ್ನೂ ಜೋಡಿಸುವ ಕೊಸೈನ್ ನಿಯಮ ಹಾಕಿದರೆ ಮೂಲೆಯ ಕೊಸೈನ್ ಮೈನಸ್ 0.36. ಅದೇ ನಿಯಮಕ್ಕೆ ಈಗ 200, 150 ಕೊಡು: 40,000 ಕೂಡು 22,500 ಕೂಡು 21,600, ಒಟ್ಟು 84,100. ವರ್ಗಮೂಲ 290. ಕಬ್ಬಿನೊಳಗೆ ಕಾಲಿಡದೆ ಕರ್ಣ ಸಿಕ್ಕಿತು.

ಭಾನುವಾರ ಅಪ್ಪನನ್ನು ಕರೆದುಕೊಂಡು ಹೋಗಿ ನಿಮ್ಮ ಗದ್ದೆಗೆ ಮಾಡಿ ನೋಡು. ಅಪ್ಪ ಒಂದು ತುದಿ ಹಿಡಿಯಲಿ, ಟೇಪು ಜೋಲಾಡದ ಹಾಗೆ ಬಿಗಿಯಾಗಿರಲಿ, ಗೂಟದ ಹತ್ತಿರ 3 ಅಂಗುಲ ತಪ್ಪಿದರೆ ಕರ್ಣದಲ್ಲಿ ನಾಲ್ಕು ಅಡಿ ತಪ್ಪುತ್ತದೆ. ಜಾಗ ಇದ್ದರೆ ಗೂಟವನ್ನು 10ರ ಬದಲು 20 ಅಡಿಗೆ ನೆಡು, ಆ ತಪ್ಪು ಅರ್ಧವಾಗುತ್ತದೆ. ಯಾಕೆ ಅರ್ಧ ಅಂತ ನಾನು ಹೇಳುವುದಿಲ್ಲ. ನೀನೇ ಬರೆದು ಕಳಿಸು.